ಬಾತು ನೋಡುವ ಮೊದಲು ಕಾಲು ನೋಡ್ರಿ

ಕೆಂಪು ಕೊಕ್ಕು. ಕಣ್ಣಿನ ಮೇಲೆ ಅಗಲ ಬಿಳಿ ಪಟ್ಟೆ. ಬೆನ್ನ ಮೇಲೆ ದೋಣಿಯ ಹಾಯಿಯಂತೆ ಎದ್ದು ನಿಂತ ಎರಡು ಕಿತ್ತಳೆ ಗರಿ. ಇದು ಗಂಡು ಮ್ಯಾಂಡರಿನ್ ಬಾತು. ತವರು ಪೂರ್ವ ಏಷ್ಯಾ.

2018ರ ಅಕ್ಟೋಬರ್‌ನಲ್ಲಿ ಇಂಥದ್ದೊಂದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಕೊಳದಲ್ಲಿ ಪ್ರತ್ಯಕ್ಷ! ನೋಡಲು ಜನಜಾತ್ರೆ. ಆದರೆ ಕಾಲಲ್ಲಿ ಪಟ್ಟಿ ಇತ್ತು. ಅಂದರೆ, ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿರಬೇಕು.

ಅದೇ ಜಾತಿಯ ಬಾತು 2021ರ ಫೆಬ್ರುವರಿಯಲ್ಲಿ ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಮಾಗುರಿ ಜೌಗಿನಲ್ಲಿ ಕಂಡಿತು. ಅಲ್ಲಿ ಅದರ ಹಿಂದಿನ ದಾಖಲೆ ನೂರು ವರ್ಷಕ್ಕಿಂತ ಹಳೆಯದು! ಹಕ್ಕಿಪ್ರಿಯರು ಎದುರು ನೋಡುವುದು ಇಂಥ ದಾರಿತಪ್ಪಿದ ಅತಿಥಿಯನ್ನೇ. ಬಿರುಗಾಳಿ ಎಳೆದೊಯ್ಯುತ್ತದೆ, ಇಲ್ಲವೇ ಮೊದಲ ಸಲ ವಲಸೆ ಹೊರಟ ಮರಿಯ ದಿಕ್ಕಿನ ಲೆಕ್ಕ ಕೆಡುತ್ತದೆ.

ಹಾಗಾದರೆ ನಮ್ಮ ಸಾವಳಗಿ, ಜಮಖಂಡಿ ಸೀಮೆ? ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಫ್ಲೆಮಿಂಗೊ, ಪಟ್ಟೆತಲೆ ಹೆಬ್ಬಾತು ಬರುತ್ತವೆ. ನೋಡಲು ಚಂದ, ಆದರೆ ಅವು ದಾರಿ ತಪ್ಪಿದವಲ್ಲ, ದಾರಿ ಗೊತ್ತಿದ್ದೇ ಬಂದವು. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಹಿಮಾಲಯ ದಾಟಿ ಬರೋ ಗಿರಾಕಿಗಳು ಇವು!

ದಾರಿತಪ್ಪಿದ ಹಕ್ಕಿ ಹೆಚ್ಚಾಗಿ ಒಂಟಿ. ಬೇರೆ ಜಾತಿಯ ಗುಂಪಿನೊಳಗೆ ಸೇರಿಕೊಂಡಿರುತ್ತದೆ. ಹಾಗಾಗಿ ಕೆರೆದಂಡೆಯಲ್ಲೋ ಊರ ಪಾರ್ಕ್‌ನಲ್ಲೋ ಗುಂಪಿಗೆ ಹೊಂದದ ಹಕ್ಕಿ ಕಂಡರೆ ದೂರದಿಂದಲೇ ಫೋಟೊ ತೆಗೀರಿ. ಕೊಕ್ಕು, ರೆಕ್ಕೆ, ಮುಖ್ಯವಾಗಿ ಕಾಲು. ತಾರೀಖು, ಜಾಗ ಸೇರಿಸಿ ಹಕ್ಕಿ ದಾಖಲೆಯ ಜಾಲತಾಣ ಈಬರ್ಡ್‌ಗೆ ಹಾಕ್ರಿ. ರೀಲ್ ಚಂದ ಬರಲಿ ಅಂತ ಕಲ್ಲೆಸೆದು ಹಾರಿಸಬ್ಯಾಡ್ರಿ.