ನಿಮಗಿದು ಗೊತ್ತೆ? ಶೇಂಗಾಕ್ಕೆ ಲಾಭ, ಸಜ್ಜೆಗೆ ಅಷ್ಟಕ್ಕಷ್ಟೆ
ಬಿ.ಜಿ. ಕೆರೆ ಸುತ್ತಿನ ಹೊಲಗಳಲ್ಲಿ ಬಿತ್ತುವ ಶೇಂಗಾ ಬೀಜ ಮೊಳೆಯಲು ಇಂಗಾಲದ ಡೈಆಕ್ಸೈಡ್ ಬೇಕಿಲ್ಲ. ಬೇಕಾದ್ದು ಹದ, ಬೆಚ್ಚಗಿನ ಮಣ್ಣು, ಆಮ್ಲಜನಕ. ಮೊಳೆಯುವ ಬೀಜವೇ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಬಿಡುತ್ತದೆ. ಬಿತ್ತಿದ ಬೆನ್ನಿಗೇ ಜಡಿಮಳೆ ಹಿಡಿದು ನೀರು ನಿಂತರೆ ಅನಿಲ ಮಣ್ಣಲ್ಲೇ ಉಳಿದು, ಆಮ್ಲಜನಕ ಸಿಗದೆ ಬೀಜ ಕೊಳೆಯುತ್ತದೆ.

ಎಲೆ ಬಂದ ಮೇಲೆ ಲೆಕ್ಕವೇ ಬೇರೆ, ಆಗ ಗಿಡ ಬೆಳೆಯಲು ಇಂಗಾಲದ ಡೈಆಕ್ಸೈಡ್ ಬೇಕು. 1750ರ ಸುಮಾರಿಗೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280ರಷ್ಟಿದ್ದ ಈ ಅನಿಲ ಈಗ 420 ದಾಟಿದೆ. ಇದರಿಂದ ಶೇಂಗಾ, ತೊಗರಿಯ ಬೆಳವಣಿಗೆ ಚುರುಕಾಗುತ್ತದೆ. ಸಜ್ಜೆ, ನವಣೆ, ಜೋಳಕ್ಕೆ ಅಷ್ಟು ಲಾಭವಿಲ್ಲ. ಎಲೆಯೊಳಗೇ ಅನಿಲವನ್ನು ಒಟ್ಟುಗೂಡಿಸಿಕೊಳ್ಳುವ ವ್ಯವಸ್ಥೆ ಅವಕ್ಕೆ ಮೊದಲೇ ಇದೆ. ಆದರೆ ಇದೇ ಅನಿಲ ಭೂಮಿಯನ್ನೂ ಕಾಯಿಸುತ್ತಿದೆ. ಹೂವಿನ ಹೊತ್ತಿಗೆ ಬಿಸಿಲೇರಿ ಮಳೆ ಕೈಕೊಟ್ಟರೆ ಶೇಂಗಾ ಬಳ್ಳಿ ಹಬ್ಬಿದರೂ ಕಾಯಿ ಕಟ್ಟುವುದು ಕಡಿಮೆ.