ಮೂರು ವರ್ಷ ತಡವಾಗಿ ಬಂದ ಕಾಲೇಜು

ಪುಣೆಯಲ್ಲಿ ನಾವಿರುವುದು ಕೊಥರೂಡಿನಲ್ಲಿ. ಬ್ಯಾಂಕಿನ ಕೆಲಸದಲ್ಲಿದ್ದಷ್ಟು ದಿನ ನನ್ನ ಬಸ್ಸು ಫರ್ಗ್ಯೂಸನ್ ಕಾಲೇಜಿನ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಊರಿನಿಂದ ಯಾರೇ ಬಂದರೂ ಶನಿವಾರವಾಡೆ ತೋರಿಸಿದ ಮೇಲೆ ಈ ಗೇಟನ್ನೂ ತೋರಿಸುವುದು ನಮ್ಮ ಮನೆಯ ರೂಢಿ. ಬಂದವರು ಹೇಳುವುದೂ ಒಂದೇ ಮಾತು: "ಬೇಂದ್ರೆ ಅಜ್ಜಾರು ಇಲ್ಲೇ ಕಲ್ತದ್ದಲ್ಲಾ?" ಹೌದು, ಇಲ್ಲೇ. ಅವರಿಗಿಂತ ಮೊದಲು ಆಲೂರು ವೆಂಕಟರಾಯರೂ ಇಲ್ಲೇ. ಧಾರವಾಡ ಕಡೆಯ ಕನ್ನಡದ ದೊಡ್ಡವರ ಚರಿತ್ರೆ ತೆಗೆದು ನೋಡಿ, ಒಂದು ಅಧ್ಯಾಯವಾದರೂ ಪುಣೆಯಲ್ಲಿ ನಡೆದಿರುತ್ತದೆ.

ನನ್ನ ಅಪ್ಪ ಮೊದಲ ಸಲ ಪುಣೆಗೆ ಬಂದಾಗ ಅವನನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅಪ್ಪ ಬೇಂದ್ರೆಯವರ ಹೆಸರು ಎತ್ತಲಿಲ್ಲ. ಬಹಳ ಹೊತ್ತು ಒಳಗಿನ ಮರಗಳನ್ನು ನೋಡುತ್ತ ನಿಂತು, "ನಮ್ಮಪ್ಪ ಇಲ್ಲಿ ಕಲೀಬೇಕಾಗಿತ್ತು" ಅಂದ. ಅಲ್ಲಿಯವರೆಗೆ ಈ ವಿಷಯ ನನಗೆ ಗೊತ್ತೇ ಇರಲಿಲ್ಲ.

ಅಜ್ಜ ಮ್ಯಾಟ್ರಿಕ್ ಪಾಸಾದದ್ದು 1914ರಲ್ಲಿ. ನವಲಗುಂದದ ಕಡೆಯ ಹಳ್ಳಿಯ ಹುಡುಗ, ಧಾರವಾಡದಲ್ಲಿ ನೆಂಟರ ಮನೆಯಲ್ಲಿ ವಾರಾನ್ನ ಮಾಡಿಕೊಂಡು ಓದಿದವನು. ಆಗ ಧಾರವಾಡ ಮುಂಬಯಿ ಇಲಾಖೆಯಲ್ಲಿತ್ತು. ಹೈಸ್ಕೂಲುಗಳಿದ್ದವು, ಟ್ರೇನಿಂಗ್ ಕಾಲೇಜು ಇತ್ತು, 1890ರಲ್ಲೇ ಹುಟ್ಟಿದ ವಿದ್ಯಾವರ್ಧಕ ಸಂಘವೂ ಇತ್ತು. ಆದರೆ ಬಿ.ಎ. ಮಾಡಬೇಕೆಂದರೆ ಪುಣೆಗೋ ಮುಂಬಯಿಗೋ ಗಾಡಿ ಹತ್ತಬೇಕು. ಬೆಳಗಾವಿಯವರದೂ ಅದೇ ಹಣೆಬರಹ, ವಿಜಾಪುರದವರದೂ ಅದೇ. ಅಜ್ಜನ ಅಪ್ಪ ಎರಡು ಎಕರೆ ಒತ್ತೆ ಇಡಲು ತಯಾರಿದ್ದನಂತೆ. ಆ ವರ್ಷ ಮಳೆ ಕೈಕೊಟ್ಟಿತು, ಒತ್ತೆ ಇಟ್ಟುಕೊಳ್ಳುವವರೂ ಸಿಗಲಿಲ್ಲ. ಅಜ್ಜ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಸೇರಿಕೊಂಡ. ಮೂವತ್ತಕ್ಕೂ ಹೆಚ್ಚು ವರ್ಷ ಅದೇ ನೌಕರಿ, ಕೊನೆಗೆ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಸಣ್ಣ ಮನೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅಜ್ಜನಿಗೆ ಮೂರು ವರ್ಷ ತಡವಾಯಿತು.

ಈ ಕಾಲೇಜನ್ನು ಸರಕಾರ ತಾನಾಗಿ ಮನಸ್ಸು ಮಾಡಿ ಕೊಟ್ಟದ್ದಲ್ಲ. ಇದನ್ನು ಇಂದಿನ ಹುಡುಗರಿಗೆ ಹೇಳಿದರೆ ಬೆರಗಾಗುತ್ತಾರೆ, ಯಾಕೆಂದರೆ ಕಟ್ಟಡ ನೋಡಿದರೆ ಬ್ರಿಟಿಷರು ತಮ್ಮ ದೊಡ್ಡಸ್ತಿಕೆಗೆ ಕಟ್ಟಿದಂತೆ ಕಾಣುತ್ತದೆ. ಕಾಲೇಜು ಬೇಕು ಎಂದು ಹಟ ಹಿಡಿದು, ಅರ್ಜಿ ಹಾಕಿ, ಜನರಿಂದ ವಂತಿಗೆ ಕೂಡಿಸಲು ಓಡಾಡಿದವರಲ್ಲಿ ಎರಡು ಹೆಸರು ಮುಖ್ಯ: ರೊದ್ದ ಶ್ರೀನಿವಾಸರಾಯರು ಮತ್ತು ಅರಟಾಳ ರುದ್ರಗೌಡರು. ಒಬ್ಬರು ಬ್ರಾಹ್ಮಣರು, ಒಬ್ಬರು ಲಿಂಗಾಯತರು. ಆ ಕಾಲದ ಮುಂಬಯಿ ಕರ್ನಾಟಕದಲ್ಲಿ ನೌಕರಿ, ಶಾಲೆ, ಮುನಸಿಪಾಲಿಟಿ ಎಲ್ಲದರಲ್ಲೂ ಈ ಎರಡು ಗುಂಪುಗಳ ನಡುವೆ ಜಗ್ಗಾಟ ನಡೆದಿತ್ತು. ಅಂಥಾದ್ದರಲ್ಲಿ ಇಬ್ಬರೂ ಒಂದೇ ಕೆಲಸಕ್ಕೆ ಹೆಗಲು ಕೊಟ್ಟರು. ಅರಟಾಳರು ಅದಕ್ಕೂ ಮೊದಲು, 1883ರಲ್ಲಿಯೇ, ಗಿಲಗಂಚಿ ಗುರುಸಿದ್ದಪ್ಪನವರ ಜೊತೆಗೂಡಿ ಲಿಂಗಾಯತ ವಿದ್ಯಾಭಿವೃದ್ಧಿ ಫಂಡು ಕಟ್ಟಿ ಬಡ ಹುಡುಗರನ್ನು ಓದಲು ಕಳಿಸಿದವರು. ಹುಡುಗರನ್ನು ಒಬ್ಬೊಬ್ಬರನ್ನಾಗಿ ಪುಣೆಗೆ ಕಳಿಸುವುದಕ್ಕಿಂತ ಕಾಲೇಜನ್ನೇ ಇಲ್ಲಿಗೆ ತರುವುದು ಅಗ್ಗ ಎಂಬ ಲೆಕ್ಕ ಅವರಿಗಿಂತ ಚೆನ್ನಾಗಿ ಯಾರಿಗೆ ಹೊಳೆದೀತು?

ಕಾಲವೂ ಹಾಗೇ ಇತ್ತೆನ್ನಿ. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ, 1917ರಲ್ಲಿ ಆಲೂರರ 'ಕರ್ನಾಟಕ ಗತವೈಭವ'. ಅದೇ ವರ್ಷ ಈ ಕಾಲೇಜು. ಹೆಸರು ನೋಡಿ: ಕರ್ನಾಟಕ ಎಂಬ ರಾಜ್ಯ ಇಲ್ಲ, ಇರುವುದು ಮುಂಬಯಿ ಇಲಾಖೆ, ಹೈದರಾಬಾದು, ಮದರಾಸು, ಮೈಸೂರು, ಕೊಡಗು. ಆದರೂ ಕಾಲೇಜಿನ ಹಲಗೆಯ ಮೇಲೆ ಕರ್ನಾಟಕ ಎಂದು ಬರೆದಾಗಿತ್ತು. ಮೈಸೂರು ರಾಜ್ಯ ಆ ಹೆಸರಿಗೆ ಬಂದದ್ದು 1973ರಲ್ಲಿ.

ಬೇಂದ್ರೆಯವರದು ಇನ್ನೊಂದು ತಮಾಷೆ. ಅವರು ಫರ್ಗ್ಯೂಸನ್‌ನಲ್ಲಿ ಬಿ.ಎ. ಮುಗಿಸಿ ಧಾರವಾಡಕ್ಕೆ ಹಿಂತಿರುಗಿದ್ದು 1918ರಲ್ಲಿ. ಅವರು ಹಾಸಿಗೆ ಸುತ್ತಿಕೊಂಡು ಹೊರಟಾಗ ಊರಲ್ಲಿ ಇಲ್ಲದ ಕಾಲೇಜು, ತಿರುಗಿ ಬರುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ಇನ್ನು ಆ ಕಟ್ಟಡ. ಧಾರವಾಡದ ನಮ್ಮಂಥವರಿಗೆ ಕೆಸಿಡಿ ಎಂದರೆ ಮೊದಲು ಕಣ್ಣಿಗೆ ಬರುವುದು ಆ ಕಲ್ಲಿನ ಕಟ್ಟಡವೇ. ಅದು ಕಾಲೇಜಿಗೆಂದು ಕಟ್ಟಿದ್ದಲ್ಲ. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು; ಅದರ ಕಾರ್ಖಾನೆ ಹುಬ್ಬಳ್ಳಿಯಲ್ಲಿ, ಮುಖ್ಯ ಕಚೇರಿ ಧಾರವಾಡದಲ್ಲಿ. ನಮ್ಮ ಕಡೆಯ ಊರುಗಳನ್ನು ಪುಣೆಗೆ, ಗೋವೆಗೆ, ಬೆಂಗಳೂರಿಗೆ ಹಳಿ ಹಾಸಿ ಹೆಣೆದದ್ದು ಈ ಕಂಪನಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಕೂಡಿಕೊಂಡು ಎಂ.ಎಸ್.ಎಂ. ಆಯಿತು, ಮುಖ್ಯ ಕಚೇರಿ ಮದರಾಸಿಗೆ ಹೋಯಿತು. ಸಾಹೇಬರು ಹೋದರು, ಗುಮಾಸ್ತರು ಹೋದರು, ಅಷ್ಟು ದೊಡ್ಡ ಕಟ್ಟಡ ಹಿಂದೆ ಉಳಿಯಿತು. ಕಾಲೇಜಿಗೆ ಸಿಕ್ಕ ಮನೆ ಅದು. ಅಲ್ಲಿಯವರೆಗೆ ನಮ್ಮ ಹುಡುಗರನ್ನು ಪುಣೆಗೆ ಹೊತ್ತುಕೊಂಡು ಹೋಗುತ್ತಿದ್ದ ರೈಲಿನ ಕಚೇರಿಯೊಳಗೇ, ಹುಡುಗರು ಪುಣೆಗೆ ಹೋಗಬೇಕಾಗಿಲ್ಲ ಎನ್ನುವ ಕಾಲೇಜು ಬಂದು ಕುಳಿತಿತು. ದಪ್ಪ ಗೋಡೆ, ಎತ್ತರದ ಮಾಳಿಗೆ, ಕಮಾನಿನ ಪಡಸಾಲೆ. ಟೈಮ್‌ಟೇಬಲ್ ಬರೆಯುತ್ತಿದ್ದ ಕೋಣೆಗಳಲ್ಲಿ ಶೇಕ್ಸ್‌ಪಿಯರ್.

1950ರ ಜೂನಿನಲ್ಲಿ ಅಪ್ಪ ಅಲ್ಲಿ ಹೆಸರು ಹಚ್ಚಿದ ದಿನ ಅಜ್ಜನೂ ಜೊತೆಗೆ ಹೋಗಿದ್ದ. ಬಿಳಿ ಧೋತರ, ಕರಿ ಕೋಟು, ತಲೆಗೆ ರುಮಾಲು. ಪಡಸಾಲೆಯಲ್ಲಿ ನಿಂತು ಮಾಡು ನೋಡಿ, "ತಿಕೀಟು ಎಲ್ಲಿ ತಗೋಬೇಕಪಾ?" ಎಂದನಂತೆ. ಅಜ್ಜ ನಗೆಚಾಟಿಕೆ ಮಾಡಿದ್ದನ್ನು ಅಪ್ಪ ಕಂಡದ್ದು ಜೀವಮಾನದಲ್ಲಿ ಎರಡೋ ಮೂರೋ ಸಲ; ಅದರಲ್ಲಿ ಇದೊಂದು. ಫೀ ಕಟ್ಟಿ ಹೊರಗೆ ಬಂದ ಮೇಲೆ ಲೈನ್ ಬಜಾರಿಗೆ ಹೋಗಿ ಪಾವುಕಿಲೋ ಫೇಡೆ ಕೊಡಿಸಿದ ಅಂತಲೂ ಅಪ್ಪ ಹೇಳುತ್ತಿದ್ದ. ಆಗ ಕಿಲೋ ಎಲ್ಲಿ ಬಂದಿತ್ತು, ಸೇರು ಇರಬೇಕು. ಅಪ್ಪನ ಕಥೆಗಳಲ್ಲಿ ಅಳತೆ ಯಾವಾಗಲೂ ಹಿಂದುಮುಂದು.

ಅಪ್ಪ ಕಲಿತ ವರ್ಷಗಳು ಕಾಲೇಜಿನ ಪಾಲಿಗೂ ಮಗ್ಗುಲು ಬದಲಿಸಿದ ವರ್ಷಗಳು. ಅಲ್ಲಿಯತನಕ ಪರೀಕ್ಷೆ, ಪದವಿ ಎಲ್ಲ ಮುಂಬಯಿ ವಿಶ್ವವಿದ್ಯಾಲಯದ್ದು. ಕನ್ನಡನಾಡಿಗೆ ತನ್ನದೇ ವಿಶ್ವವಿದ್ಯಾಲಯ ಬೇಕೆಂಬ ಕೂಗು ಫಲಿಸಿ, 1949ರಲ್ಲಿ ಮುಂಬಯಿ ಶಾಸನಸಭೆ ಕಾಯ್ದೆ ಮಾಡಿತು. ಮುಂಬಯಿಯ ಓದುಗರಿಗೆ ಇದೊಂದು ಸಂಗತಿ ಹೇಳಲೇಬೇಕು: ಕರ್ನಾಟಕ ವಿಶ್ವವಿದ್ಯಾಲಯದ ಕಚೇರಿ ಮೊದಲು ತೆರೆದದ್ದು ನಿಮ್ಮ ಊರಿನಲ್ಲಿ, ಆಮೇಲೆ ಅದು ಧಾರವಾಡಕ್ಕೆ ಬಂತು. ನಾವೆಲ್ಲ ಧಾರವಾಡದಿಂದ ಮುಂಬಯಿ, ಪುಣೆಗೆ ಬಂದವರು. ಅದೊಂದು ಮಾತ್ರ ಉಲ್ಟಾ ದಾರಿ ಹಿಡಿಯಿತು. ಕಾಲೇಜು ಆ ವಿಶ್ವವಿದ್ಯಾಲಯದ ಕೈಗೆ ಬಂತು. ವಿ.ಕೃ. ಗೋಕಾಕರು ಅದೇ ಕಾಲೇಜಿನಲ್ಲಿ ಕಲಿತವರು, ಐವತ್ತರ ದಶಕದಲ್ಲಿ ಅಲ್ಲಿಗೇ ಪ್ರಿನ್ಸಿಪಾಲರಾಗಿ ಬಂದರು. ಗಿರೀಶ ಕಾರ್ನಾಡರು ಗಣಿತ, ಸಂಖ್ಯಾಶಾಸ್ತ್ರ ಓದಿ ಪದವಿ ಪಡೆದದ್ದು ಅಲ್ಲಿ, 1958ರಲ್ಲಿ. ಅಪ್ಪ ಅವರಿಗಿಂತ ಹಿರಿಯ, ನೋಡಿದವನಲ್ಲ. ಆದರೂ ಟೀವಿಯಲ್ಲಿ ಕಾರ್ನಾಡರು ಕಂಡರೆ "ನಮ್ಮ ಕಾಲೇಜಿನಂವ" ಅನ್ನದೆ ಬಿಡುತ್ತಿರಲಿಲ್ಲ.

ಅಪ್ಪನ ಜೊತೆ ಕಲಿತ ಹುಡುಗರಲ್ಲಿ ಅರ್ಧಕ್ಕರ್ಧ ಹಳ್ಳಿಯವರು. ರೋಣ, ನರಗುಂದ, ಬೈಲಹೊಂಗಲ, ಮುಧೋಳ. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು, ನಾಲ್ವತ್ತರ ದಶಕದಲ್ಲಿ ಇನ್ನಷ್ಟು ಕಾಲೇಜುಗಳು ಆಗಿದ್ದರೂ ಧಾರವಾಡದ ಸೆಳೆತ ಕಡಿಮೆಯಾಗಿರಲಿಲ್ಲ. ಹಣವಿಲ್ಲದವರಿಗೆ ಮುರುಘಾಮಠದ ಪ್ರಸಾದನಿಲಯ ಇತ್ತು. ಊಟ, ವಸತಿಗೆ ಕಾಸು ಕೇಳದ ಜಾಗ. ಕಾಲೇಜು ಪಾಠ ಹೇಳಿತು, ಮಠ ಅನ್ನ ಹಾಕಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಹುಡುಗರು ಊರಲ್ಲೇ ಉಳಿಯುತ್ತಿದ್ದರು. ಕಾಲೇಜಿನ ಚರಿತ್ರೆ ಬರೆಯುವವರು ಈ ಖಾನಾವಳಿ, ಪ್ರಸಾದನಿಲಯ, ಬಾಡಿಗೆಯ ಮಾಳಿಗೆ ಕೋಣೆಗಳಿಗೆ ಒಂದು ಪುಟವನ್ನಾದರೂ ಕೊಡಬೇಕು ಅಂತ ನನ್ನ ಅನ್ನಿಸಿಕೆ.

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಕಥೆ. ಇನ್ನೊಂದು ಇದೆ.

ಅಪ್ಪನಿಗಿಂತ ಮೂರು ವರ್ಷ ಸಣ್ಣವಳು ನಮ್ಮ ಅತ್ತೆ. 1952ರಲ್ಲಿ ಮ್ಯಾಟ್ರಿಕ್ಕು, ಇಂಗ್ಲಿಷಿನಲ್ಲಿ ಅಪ್ಪನಿಗಿಂತ ಹೆಚ್ಚು ಮಾರ್ಕು. ಕಾಲೇಜು ಮಾಳಮಡ್ಡಿಯಿಂದ ಇಪ್ಪತ್ತು ನಿಮಿಷದ ದಾರಿ. ಅಣ್ಣ ಅಲ್ಲೇ ಓದುತ್ತಿದ್ದಾನೆ. ಹುಡುಗಿಯರೂ ಇದ್ದರು, ಕಡಿಮೆ, ಆದರೆ ಇದ್ದರು. ಅಜ್ಜ ಬೇಡ ಅಂದ. ಮಳೆ ಇಲ್ಲದ ವರ್ಷ, ಒತ್ತೆಯಾಗದ ಹೊಲ, ಮೂರು ವರ್ಷ ಮುಂಚೆ ಹುಟ್ಟಿದ್ದು, ಇದನ್ನೆಲ್ಲ ಉಂಡ ಮನುಷ್ಯನೇ ಬೇಡ ಅಂದ. "ಗಂಡಸರ ನಡುವೆ ಕೂಡೂದು ಛಂದಲ್ಲ" ಎಂಬ ಒಂದೇ ಮಾತು. ಮರುವರ್ಷ ಗದಗಿನಲ್ಲಿ ಲಗ್ನ ಮಾಡಿದರು.

ಅಜ್ಜನ ಬಗ್ಗೆ ಫರ್ಗ್ಯೂಸನ್ ಗೇಟಿನ ಮುಂದೆ ಹುಟ್ಟಿದ ಕನಿಕರ, ಈ ಕಥೆ ನೆನಪಾದಾಗಲೆಲ್ಲ ಸಿಟ್ಟಿಗೆ ತಿರುಗುತ್ತದೆ. ಎರಡೂ ನಿಜ, ಏನು ಮಾಡುವುದು? ಅತ್ತೆ ಅಜ್ಜನನ್ನು ಬೈದದ್ದು ನಾನು ಕೇಳಿಲ್ಲ. ಒಮ್ಮೆ ಮಾತ್ರ, ಅವಲಕ್ಕಿ ಆರಿಸುತ್ತ, "ಅಪ್ಪಗ ಪುಣೆ ಎಷ್ಟು ದೂರ ಇತ್ತೋ ನಂಗ ಕೆಸಿಡಿ ಅದಕ್ಕಿಂತ ದೂರಿತ್ತು" ಅಂದಿದ್ದಳು.

1978ರಲ್ಲಿ ನನ್ನ ಸರದಿ ಬಂತು. ಅಪ್ಪನಿಗೆ ಕಲಿಸುವ ಮನಸ್ಸಿತ್ತು, ಅಜ್ಜ ತೀರಿಕೊಂಡಿದ್ದ. ಆದರೆ ಒಳ್ಳೆಯ ಸಂಬಂಧ ಒಂದು ಬಂದು, ಅವ್ವ ಅದಕ್ಕೆ ಮನಸೋತಿದ್ದಳು. ಯಾರು ಕಾಗದ ಬರೆದರೋ, ಅತ್ತೆ ಗದಗಿನಿಂದ ಬೆಳಗಿನ ಗಾಡಿಗೆ ಬಂದಳು. ಜಗಳ ಆಡಲಿಲ್ಲ, ಉಪದೇಶ ಮಾಡಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, "ನಡಿ, ಫಾರ್ಮ್ ತರೋಣು" ಎಂದು ನನ್ನ ಕೈ ಹಿಡಿದಳು. ಕಾಲೇಜಿನ ಗೇಟಿನ ಹತ್ತಿರ ಬಂದಾಗ ತಾನು ಹೊರಗೇ ನಿಂತಳು. ಒಳಗೆ ಬಾ ಅಂದರೆ, "ಫಾರ್ಮ್ ನಿಂದು, ನೀ ತಗೊಂಡು ಬಾ" ಅಂದಳು.

ಮೂರು ವರ್ಷ ಅಲ್ಲಿ ಓದಿದೆ. ಏನು ಓದಿದೆ ಎಂಬುದಕ್ಕಿಂತ ಮಳೆಗಾಲದಲ್ಲಿ ಆ ಕಲ್ಲಿನ ಗೋಡೆಯ ವಾಸನೆ, ಕೊಡೆ ಮಡಚಿ ಸಾಲಾಗಿ ಒರಗಿಸಿದ ಪಡಸಾಲೆ ಹೆಚ್ಚು ನೆನಪಿದೆ. ಆಮೇಲೆ ಬ್ಯಾಂಕಿನ ಪರೀಕ್ಷೆ, ನೌಕರಿ, 1985ರಲ್ಲಿ ಪುಣೆಗೆ ವರ್ಗ. ಆಗ ಧಾರವಾಡದಿಂದ ಸಣ್ಣ ಗಾಡಿ, ಮಿರಜದಲ್ಲಿ ಇಳಿದು ದೊಡ್ಡ ಗಾಡಿ. ಹಾಸಿಗೆ, ಟ್ರಂಕು, ಚಟ್ನಿಪುಡಿಯ ಡಬ್ಬಿ ಎಲ್ಲ ಮಿರಜದ ಪ್ಲಾಟ್‌ಫಾರ್ಮಿನಲ್ಲಿ ದಾಟಿಸುವಾಗ, ಅಜ್ಜ ಹಿಡಿಯಬೇಕಾಗಿದ್ದ ದಾರಿಯನ್ನೇ ನಾನು ಹಿಡಿದಿದ್ದೇನೆ ಎಂಬುದು ನನಗಾಗ ಗೊತ್ತಿರಲಿಲ್ಲ.

ಕಾಲೇಜು ಈಗ ಕಲೆಗೊಂದು, ವಿಜ್ಞಾನಕ್ಕೊಂದು ಎಂದು ಎರಡಾಗಿದೆ, ಎರಡೂ ವಿಶ್ವವಿದ್ಯಾಲಯದವೇ. ವಿಶ್ವವಿದ್ಯಾಲಯ ಡಿ.ಸಿ. ಪಾವಟೆಯವರ ಕಾಲದಲ್ಲಿ ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಬೆಳೆಯಿತು. ಕಾಲೇಜಿನ ಅಂಗಳದಲ್ಲಿ ಸೃಜನಾ ರಂಗಮಂದಿರ ಇದೆ, ನಾಟಕ, ಸಂಗೀತ ನಡೆಯುತ್ತವೆ. ಊರ ಹುಡುಗರು ಈಗ ಪುಣೆಗೆ, ಬೆಂಗಳೂರಿಗೆ ಓದಲು ಹೋಗುತ್ತಾರೆ, ನನ್ನ ತಮ್ಮನ ಮಗನೂ ಇಲ್ಲೇ ಹಿಂಜವಡಿಯ ಹತ್ತಿರ ರೂಮು ಮಾಡಿದ್ದಾನೆ. ಕೆಸಿಡಿ ಯಾಕೆ ಬೇಡವಾಯಿತು ಅಂತ ಕೇಳಿದರೆ ನಗುತ್ತಾನೆ. ಆದರೆ ನಾನು ಹೋದಾಗಲೆಲ್ಲ ನೋಡುತ್ತೇನೆ: ಬೆಳಿಗ್ಗೆ ಹಳ್ಳಿಯ ಬಸ್ಸುಗಳಿಂದ ಇಳಿದು ಆ ಗೇಟಿನ ಕಡೆ ನಡೆಯುವವರಲ್ಲಿ ಹುಡುಗಿಯರ ಗುಂಪು ದೊಡ್ಡದು. ಸಂಜೆ ಅದೇ ಬಸ್ಸಿಗೆ ಮನೆಗೆ. ಹೊರಗೆ ಇಟ್ಟು ಓದಿಸುವುದಿಲ್ಲ ಎನ್ನುವ ಮನೆಗಳು ಇಂದಿಗೂ ಇವೆ, ಅವರಿಗೆಲ್ಲ ಇದೇ ಫರ್ಗ್ಯೂಸನ್.

2017ರಲ್ಲಿ ಕಾಲೇಜಿಗೆ ನೂರು ತುಂಬಿತು. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅತ್ತೆ ನಮ್ಮ ಮನೆಯಲ್ಲೇ ಇದ್ದಳು. ಎಂಬತ್ತೆರಡು ವರ್ಷ, ಕೈಯಲ್ಲಿ ಕೋಲು. "ಕಾಲೇಜು ನೋಡ್ತಿಯೇನ?" ಎಂದು ಕೇಳಿದೆ. ರಜೆ, ಯಾರೂ ಇರಲಿಲ್ಲ. ಕಾವಲುಗಾರ ಅತ್ತೆಯನ್ನು ನೋಡಿ ಏನೂ ಕೇಳದೆ ಬಿಟ್ಟ. ಪಡಸಾಲೆಯಲ್ಲಿ ನಿಧಾನವಾಗಿ ನಡೆದಳು. ತೆರೆದಿದ್ದ ಒಂದು ಕೋಣೆಯಲ್ಲಿ ಎರಡನೆಯ ಬೆಂಚಿನ ಮೇಲೆ ಕೂತಳು, ಕೋಲನ್ನು ಪಕ್ಕಕ್ಕೆ ಇಟ್ಟು. ಕರಿಹಲಗೆಯ ಮೇಲೆ ಯಾರೋ ಅರ್ಧ ಅಳಿಸಿದ ಅರ್ಥಶಾಸ್ತ್ರದ ಪಾಠ ಇತ್ತು. ಅದನ್ನು ಓದಲು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ನಾನು ಫೋಟೋ ತೆಗೆಯಲು ಹೋದರೆ ಬೇಡ ಅಂದಳು.

ತಿರುಗಿ ಹೋಗುವಾಗ ಆಟೋ ಕರೆದೆ. ಅದಕ್ಕೂ ಬೇಡ ಅಂದಳು. ಮಾಳಮಡ್ಡಿಯವರೆಗೆ ನಡೆದೇ ಬಂದೆವು, ಎರಡು ಕಡೆ ಕಟ್ಟೆಯ ಮೇಲೆ ಕೂತು, ಒಂದು ಕಡೆ ನೀರು ಕುಡಿದು. ಮನೆ ಮುಟ್ಟಿದ ಮೇಲೆ ಪಡಸಾಲೆಯ ಗಡಿಯಾರದ ಕಡೆ ನೋಡಿದಳು.

"ಐವತ್ತು ನಿಮಿಷ ಆತಲ್ಲ," ಅಂದಳು. "ನಿಮ್ಮಪ್ಪ ಇಪ್ಪತ್ತರಾಗ ಹೋಗ್ತಿದ್ದ."