ಸಿಲೋನ್ ಕಾಫಿಯನ್ನು ಮುಗಿಸಿದ ತುಕ್ಕು

ಸಿಲೋನ್ ಅಂದ ಕೂಡಲೇ ನಮಗೆ ನೆನಪಾಗೋದು ಚಹಾ. ಆದರೆ 150 ವರ್ಷಗಳ ಹಿಂದೆ, ಈಗ ಶ್ರೀಲಂಕಾ ಎನ್ನುವ ಆ ದ್ವೀಪ ಪ್ರಪಂಚದ ದೊಡ್ಡ ಕಾಫಿ ನಾಡುಗಳಲ್ಲಿ ಒಂದಾಗಿತ್ತು!

1815ರಲ್ಲಿ ಅಲ್ಲಿನ ಗುಡ್ಡನಾಡಿನ ಕ್ಯಾಂಡಿ ರಾಜ್ಯ ಬ್ರಿಟಿಷರ ಕೈಸೇರಿತು. ಮುಂದಿನ ದಶಕಗಳಲ್ಲಿ ಗುಡ್ಡ ಗುಡ್ಡದ ಕಾಡು ಕಡಿದು ಅರೇಬಿಕಾ ಕಾಫಿ ನೆಟ್ಟರು. ದುಡಿದವರು ಯಾರು? ತಮಿಳು ಸೀಮೆಯ ಬಡ ಕೂಲಿಗಳು. ಮನ್ನಾರ್ ಕಡೆ ದೋಣಿ ಇಳಿದು, ಕಾಡುದಾರಿಯಲ್ಲಿ ನಡೆದೇ ಗುಡ್ಡ ಹತ್ತಬೇಕು. ಹಸಿವು, ಕಾಲರಾ, ಜ್ವರ... ಎಷ್ಟೋ ಜನ ದಾರಿಯಲ್ಲೇ ಪ್ರಾಣ ಬಿಟ್ಟರು. ಕಾಫಿಯ ಚರಿತ್ರೆಯಲ್ಲಿ ಇವರನ್ನು ಮರೆಯೋದು ದೊಡ್ಡ ಅನ್ಯಾಯ.

1869. ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಅದು ಎಲೆ ತುಕ್ಕು ರೋಗ. ಅದನ್ನು ತರೋದು ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರ. ಎಲೆ ಉದುರಿತು, ಗಿಡ ಸೊರಗಿತು, ಫಸಲು ಕುಸಿಯಿತು. 1880ರಲ್ಲಿ ಬಂದ ವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್ ಕಾರಣ ಬಿಡಿಸಿಟ್ಟರು. ರೋಗದ ಕಣಗಳು ಗಾಳಿಯಲ್ಲಿ ಹಾರುತ್ತವೆ. ಗುಡ್ಡದುದ್ದಕ್ಕೂ ಒಂದೇ ಬೆಳೆ, ಗಾಳಿ ತಡೆಯೋಕೆ ಮರಗಳೇ ಇಲ್ಲ! ಅಷ್ಟರಲ್ಲಿ ಕಾಲ ಮಿಂಚಿತ್ತು. ಜೇಮ್ಸ್ ಟೇಲರ್ ಎಂಬ ತೋಟಗಾರ 1867ರಲ್ಲೇ ಚಹಾ ತೋಟ ಶುರುಮಾಡಿದ್ದರು. ಉಳಿದವರೂ ಅದೇ ದಾರಿ ಹಿಡಿದರು.

ಅದೇ ತುಕ್ಕು ನಮ್ಮ ಮಲೆನಾಡಿಗೂ ಬಂತು. ಇಲ್ಲಿ ಮಾತ್ರ ಕಾಫಿ ಉಳಿಯಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ನೆಲೆಯೂರಿತು. ತುಕ್ಕನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಎಸ್. 795 ತಳಿ ಅಲ್ಲಿಯದೇ. ನಮ್ಮ ಅರೇಬಿಕಾ ಬೆಳೆಗಾರರು ಇಂದಿಗೂ ಅದನ್ನು ವ್ಯಾಪಕವಾಗಿ ಬೆಳೆಯುತ್ತಿದ್ದಾರೆ.